ಆನೆಗೊಂದಿಯ ಮೊಲ, ಪಡಸಾಲೆಯ ಮೊಲ: ಹೆಸರು ಒಂದು, ಪ್ರಾಣಿ ಎರಡು

ನಮ್ಮ ಭಾಗದಲ್ಲಿ ವಿಜಯನಗರದ ಕತೆ ಶುರುವಾಗುವುದೇ ಒಂದು ಮೊಲದಿಂದ. ಆನೆಗೊಂದಿಯಿಂದ ಹೊಳೆ ದಾಟಿ ಬೇಟೆಗೆ ಹೋದ ಅರಸನ ನಾಯಿಗಳ ಮೇಲೆ ಒಂದು ಮೊಲ ತಿರುಗಿ ಬಿತ್ತು, ಇದು ಗಂಡು ಮೆಟ್ಟಿದ ನೆಲ ಅಂತ ಅಲ್ಲೇ ರಾಜಧಾನಿ ಕಟ್ಟಿದರು ಅನ್ನುವ ಕತೆ. ಶಾಲೆ ಮಕ್ಕಳಿಗೂ ಗೊತ್ತು, ಹಂಪಿಯ ಗೈಡುಗಳಿಗೂ ಬಾಯಿಪಾಠ.

ಈಗ ಅದೇ ಹೊಳೆ ದಂಡೆಯ ಊರುಗಳಲ್ಲಿ ಮಕ್ಕಳು ಮೊಬೈಲಿನಲ್ಲಿ ಬಿಳಿ ಮೊಲದ ವಿಡಿಯೊ ನೋಡಿ, "ನಮಗೂ ಒಂದು ಬೇಕು" ಅಂತ ಹಠ ಹಿಡಿಯುತ್ತಾರೆ. "ಮನ್ಯಾಗ ಮೊಲ ಸಾಕೋದು ಹ್ಯಾಂಗ್ರಿ? ಏನ್ ಹಾಕಬೇಕ್ರಿ?" ಅಂತ ನಮ್ಮನ್ನು ಕೇಳುವವರೂ ಇದ್ದಾರೆ. ಇನ್ನೂ ಕೆಲವರು ಹೊಲದಲ್ಲಿ ಸಿಕ್ಕ ಮೊಲದ ಮರಿಯನ್ನೇ ಬುಟ್ಟಿಯಲ್ಲಿ ಮುಚ್ಚಿಟ್ಟು, "ಇದಕ್ಕ ಹಾಲು ಹಾಕಿದ್ರ ಬದುಕತೈತೇನ್ರಿ?" ಅನ್ನುತ್ತಾರೆ.

ಈ ಎರಡು ಪ್ರಶ್ನೆಗೂ ಉತ್ತರ ಚರಿತ್ರೆಯಲ್ಲೇ ಇದೆ. ಆನೆಗೊಂದಿ ಕತೆಯ ಮೊಲ ಬೇರೆ, ಪಡಸಾಲೆಯ ಬಿಳಿ ಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಇರುವುದರಿಂದ ಆಗುವ ಗೊಂದಲದಲ್ಲಿ ಪ್ರಾಣ ಹೋಗುವುದು ಮಾತ್ರ ಮೊಲದ್ದೇ.

ಕುದುರೆ ವ್ಯಾಪಾರಿ ಬರೆದಿಟ್ಟ ಕತೆ

ಮೊಲದ ಕತೆಯನ್ನು ಬರೆದಿಟ್ಟವರಲ್ಲಿ ಫೆರ್ನಾವೊ ನೂನಿಜ್ ಮುಖ್ಯ. ಈತ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅಚ್ಯುತದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದು, ಸುಮಾರು 1535ರಿಂದ 1537ರ ಹೊತ್ತಿಗೆ ತಾನು ಕೇಳಿದ್ದನ್ನು ಕಂಡದ್ದನ್ನು ಬರೆದ. ಅದನ್ನು ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದು 1900ರಲ್ಲಿ ಅಚ್ಚು ಹಾಕಿಸಿದ.

ನೂನಿಜ್ ಹೇಳುವ ಕತೆ ಹೀಗಿದೆ. ಆಗ ಅರಸನ ಊರು ಆನೆಗೊಂದಿ. ಹೊಳೆಯ ಆಚೆ ದಂಡೆಯ ಗುಡ್ಡದಲ್ಲಿ ಜನವಸತಿ ಇರಲಿಲ್ಲ, ಅದನ್ನು ಅರಸ ತನ್ನ ಬೇಟೆಗೆ ಅಂತಲೇ ಕಾಯ್ದಿಟ್ಟಿದ್ದ. ಒಂದು ದಿನ ನಾಯಿಗಳ ಜೊತೆ ಅಲ್ಲಿಗೆ ಹೋದಾಗ ಒಂದು ಮೊಲ ಎದ್ದಿತು. ಓಡಿ ಹೋಗುವ ಬದಲು ನಾಯಿಗಳ ಕಡೆಗೇ ನುಗ್ಗಿ ಎಲ್ಲವನ್ನೂ ಕಚ್ಚಿತು. ಹುಲಿ ಸಿಂಹ ಹಿಡಿದ ನಾಯಿಗಳು ಇಷ್ಟು ಸಣ್ಣ ಪ್ರಾಣಿಗೆ ಹೆದರಿದ್ದು ಕಂಡು ಅರಸ ಬೆರಗಾಗಿ ಮರಳಿದ. ದಾರಿಯಲ್ಲಿ, ಹೊಳೆ ದಂಡೆಯಲ್ಲಿ ಒಬ್ಬ ತಪಸ್ವಿ ಸಿಕ್ಕ. ಮೊಲ ಕಂಡ ಜಾಗದಲ್ಲಿ ಪಟ್ಟಣ ಕಟ್ಟು ಅಂತ ಹೇಳಿದ. ಆ ತಪಸ್ವಿಯನ್ನು ನಾವು ವಿದ್ಯಾರಣ್ಯರು ಅನ್ನುತ್ತೇವೆ. ನೂನಿಜ್ ಅರಸನನ್ನು ದೇವರಾಯ ಅನ್ನುತ್ತಾನೆ. ನಮ್ಮ ಜನರ ಬಾಯಲ್ಲಿ ಅದು ಹರಿಹರ–ಬುಕ್ಕರ ಕತೆ, ಇಸವಿ 1336.

ಇದನ್ನು ನಡೆದ ಸಂಗತಿ ಅಂತ ತೆಗೆದುಕೊಳ್ಳುವ ಹಾಗಿಲ್ಲ. ಇದೇ ಕತೆ ಬೇರೆ ಊರುಗಳಿಗೂ ಇದೆ. ಗುಜರಾತಿನ ಅಹಮದಾಬಾದಿನಲ್ಲಿ ಸುಲ್ತಾನ ಅಹ್ಮದ್ ಶಾ ನಾಯಿಯನ್ನು ಅಟ್ಟುವ ಮೊಲ ಕಂಡು ಊರು ಕಟ್ಟಿದ ಅನ್ನುತ್ತಾರೆ. ತಮಿಳುನಾಡಿನಲ್ಲಿ ಕಟ್ಟಬೊಮ್ಮನ ಪಾಂಚಾಲಂಕುರಿಚ್ಚಿಗೂ ಹೀಗೇ ಹೇಳುತ್ತಾರೆ. ಶ್ರೀಲಂಕೆಯ ಕ್ಯಾಂಡಿಯಲ್ಲಿ ನಾಯಿ ಬದಲು ನರಿ ಇದೆ. ಸಣ್ಣವನು ದೊಡ್ಡವನನ್ನು ಎದುರಿಸಿದ ನೆಲ ಅಂತ ತೋರಿಸಲು ಜನ ಆರಿಸಿಕೊಂಡ ಪ್ರಾಣಿ ಮೊಲ. ಯಾಕಂದರೆ ಮೊಲ ಅಂದರೆ ಅಂಜುಬುರುಕ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಕತೆಯ ಜೋರು ಇರುವುದೇ ಅಲ್ಲಿ.

ಅವರು ಕಂಡಿದ್ದ ಆ ಮೊಲ ನಮ್ಮ ಹೊಲ, ಕುರುಚಲು ಗುಡ್ಡ, ಬಂಡೆ ಸಂದಿಯ ಕಾಡು ಮೊಲ. ಕಂದು ಮೈ, ಉದ್ದ ಕಿವಿ, ಕತ್ತಿನ ಹಿಂದೆ ಕಪ್ಪು ಮಚ್ಚೆ.

ಪೇಟೆಯಲ್ಲಿ ಜೀವಂತ ಮೊಲ

ಹಾಗಾದರೆ ವಿಜಯನಗರದ ಕಾಲದಲ್ಲಿ ಮೊಲ ಸಾಕುತ್ತಿದ್ದರೆ? ಅದಕ್ಕೂ ವಿದೇಶಿಯರ ಬರಹದಲ್ಲಿ ಸುಳಿವಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ ಬಂದ ಡೊಮಿಂಗೊ ಪಾಯಸ್, ಪೇಟೆಯಲ್ಲಿ ಕೌಜುಗ, ಲಾವಕ್ಕಿ, ಮೊಲಗಳನ್ನು ಜೀವಂತವಾಗಿ ಮಾರುತ್ತಿದ್ದರು, ಬೆಲೆ ಬಹಳ ಕಡಿಮೆ ಅಂತ ಬರೆದಿದ್ದಾನೆ. ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕಿತ್ತು ಅಂತ ನೂನಿಜ್ ಕೂಡ ಹೇಳುತ್ತಾನೆ, ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅನ್ನುವುದು ತಿಳಿಯಲಿ ಅಂತ.

ಅಂದರೆ ಆ ಪೇಟೆಯ ಮೊಲ ಕಾಡಿನಿಂದ ಹಿಡಿದು ತಂದ ಬೇಟೆ. ಹೋಗುತ್ತಿದ್ದದ್ದು ಅಡುಗೆ ಮನೆಗೆ. ಕುರಿ ಕೋಳಿಯಂತೆ ಮನೆಯಲ್ಲಿ ಮರಿ ಹಾಕಿಸಿ ಬೆಳೆಸಿದ್ದಲ್ಲ. ಅದಕ್ಕಿಂತ ನಾಲ್ಕು ನೂರು ವರ್ಷ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸ ಅನ್ನುವ ಗ್ರಂಥದಲ್ಲಿ ಬೇಟೆನಾಯಿಗಳ ಬಗ್ಗೆಯೇ ಒಂದು ಭಾಗ ಬರೆದ. ನಮ್ಮ ಮುಧೋಳ ನಾಯಿ ಮೊಲದ ಹಿಂದೆ ಓಡುವುದಕ್ಕೇ ಹೆಸರು ಮಾಡಿದ್ದು. ಈ ನೆಲದಲ್ಲಿ ಮೊಲಕ್ಕೂ ಮನುಷ್ಯನಿಗೂ ಇದ್ದ ನಂಟು ಅಂದರೆ ಬೇಟೆ. ಇಲ್ಲವೇ ಕತೆ: ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ ಮೊಲ, ಅಜ್ಜಿ ಚಂದ್ರನಲ್ಲಿ ತೋರಿಸುತ್ತಿದ್ದ ಮೊಲ. ಮನೆಯೊಳಗೆ ಸಾಕುವ ನಂಟು ಇರಲಿಲ್ಲ.

ಬಿಳಿ ಮೊಲ ಬಂದ ದಾರಿ

ಸಾಕು ಮೊಲದ ತವರು ಸ್ಪೇನ್, ಪೋರ್ಚುಗಲ್, ದಕ್ಷಿಣ ಫ್ರಾನ್ಸ್ ಕಡೆ. ಪಾಯಸ್, ನೂನಿಜ್ ಹುಟ್ಟಿದ ಸೀಮೆಯೇ ಅದು! ಅಲ್ಲಿನ ಕಾಡು ಪೂರ್ವಜ ನೆಲದೊಳಗೆ ಬಿಲ ತೋಡಿ, ಗುಂಪಾಗಿ ಬದುಕುವ ಸಣ್ಣ ಪ್ರಾಣಿ. ರೋಮನ್ನರು ಗೋಡೆ ಕಟ್ಟಿದ ಆವರಣದಲ್ಲಿ ಇಂಥ ಪ್ರಾಣಿಗಳನ್ನು ಮಾಂಸಕ್ಕಾಗಿ ಕೂಡಿ ಹಾಕುತ್ತಿದ್ದರು. ಮುಂದೆ ಯೂರೋಪಿನ ಜಮೀನುದಾರರು ಮಾಂಸಕ್ಕೂ ತುಪ್ಪಳಕ್ಕೂ ಸಾಕಿದರು. ನೂರಾರು ವರ್ಷ ಮನುಷ್ಯನ ಜೊತೆ ಇದ್ದು ಇದ್ದು ಅದು ಬಿಳಿ, ಕಪ್ಪು, ಜೋಲು ಕಿವಿ ಹೀಗೆ ನಾನಾ ತಳಿಯಾಯಿತು.

ಮುದ್ದಿಗಾಗಿ ಸಾಕುವುದು ಬೆಳೆದದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. ಪೀಟರ್ ಎಂಬ ಮೊಲದ ಮಕ್ಕಳ ಕತೆಯನ್ನು 1902ರಲ್ಲಿ ಪ್ರಕಟಿಸಿದ ಬಿಯಾಟ್ರಿಕ್ಸ್ ಪಾಟರ್ ತಮ್ಮ ಮನೆಯೊಳಗೇ ಮೊಲ ಸಾಕಿದ್ದರು. ಆದರೂ ಬಹಳಷ್ಟು ಮನೆಗಳಲ್ಲಿ ಮೊಲದ ಜಾಗ ಹಿತ್ತಲಿನ ಪಂಜರವೇ ಆಗಿತ್ತು. ಬೆಕ್ಕಿನಂತೆ ಮನೆಯೊಳಗೆ ಬಿಟ್ಟು ಸಾಕಬಹುದು ಅನ್ನುವ ಮಾತು ಜೋರಾದದ್ದು 1980ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆ ವಿಷಯಕ್ಕಾಗಿಯೇ ಹೌಸ್ ರ‍್ಯಾಬಿಟ್ ಸೊಸೈಟಿ ಅನ್ನುವ ಸಂಸ್ಥೆ 1988ರಲ್ಲಿ ಹುಟ್ಟಿತು. ಮನೆಯೊಳಗಿನ ಮೊಲ ಅನ್ನುವುದು ಅಲ್ಲಿಯವರಿಗೇ ಹೊಸದು. ನಮಗೆ ಗೊತ್ತಿಲ್ಲದಿದ್ದರೆ ನಾಚಿಕೆ ಪಡಬೇಕಿಲ್ಲ.

ನಮ್ಮ ದೇಶದಲ್ಲಿ ಮಾಂಸ, ಉಣ್ಣೆಯ ಲೆಕ್ಕದಲ್ಲಿ ಸಾಕು ಮೊಲದ ತಳಿಗಳ ಮೇಲೆ ಕೆಲಸ ಮಾಡಿದ ಸರಕಾರಿ ಸಂಸ್ಥೆ ರಾಜಸ್ಥಾನದ ಅವಿಕಾನಗರದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ. ಅದು 1962ರದು. ಅದರ ದಕ್ಷಿಣದ ಕೇಂದ್ರ ಕೊಡೈಕನಾಲ್ ಹತ್ತಿರದ ಮನ್ನವನೂರಿನಲ್ಲಿದೆ. ಅದು ತಂಪು ಬೆಟ್ಟದ ಊರು ಅನ್ನುವುದನ್ನು ನೆನಪಿಡಿ, ಮುಂದೆ ಈ ಮಾತು ಬೇಕಾಗುತ್ತದೆ. ಪೇಟೆಯಲ್ಲಿ ಕಾಣುವ ಕೆಂಪು ಕಣ್ಣಿನ ಬಿಳಿ ಮೊಲಗಳ ಪೈಕಿ ನ್ಯೂಜಿಲೆಂಡ್ ವೈಟ್ ಅನ್ನುವ ತಳಿ ಬಹಳ ಹೆಸರಾದದ್ದು. ಹೆಸರು ನ್ಯೂಜಿಲೆಂಡ್, ಬೆಳೆಸಿದ್ದು ಅಮೆರಿಕದಲ್ಲಿ.

ಹೆಸರು ಒಂದು, ಪ್ರಾಣಿ ಎರಡು

ಮೊಲ ಅನ್ನುವ ಪದ ಹಳೆಯದು. ತಮಿಳು, ಮಲಯಾಳದ ಮುಯಲ್ ಇದರ ಬಳಗವೇ. ಆ ಪದ ಹುಟ್ಟಿದಾಗ ಇಲ್ಲಿ ಇದ್ದದ್ದು ಕಾಡು ಮೊಲ ಮಾತ್ರ. ಯೂರೋಪಿನ ಪ್ರಾಣಿ ಬಂದಾಗ ಅದಕ್ಕೂ ಅದೇ ಹೆಸರು ಕೊಟ್ಟೆವು. ಇಂಗ್ಲಿಷಿನಲ್ಲಿ ಕಾಡಿನದು ಹೇರ್, ಸಾಕಿದ್ದು ರ‍್ಯಾಬಿಟ್. ವ್ಯತ್ಯಾಸ ಹೆಸರಿನಲ್ಲಿ ಮಾತ್ರ ಅಲ್ಲ:

ಕಾಡು ಮೊಲ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲಿ, ಹುಲ್ಲಿನ ನಡುವೆ ಮೈ ಅಂಟಿಸಿ ಕೂರುತ್ತದೆ. ಸಾಕು ಮೊಲದ ವಂಶ ಬಿಲದ್ದು.

ಕಾಡು ಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ಕೂದಲು ಇರುತ್ತದೆ. ಸಾಕು ಮೊಲದ ಮರಿ ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುತ್ತದೆ.

ಕಾಡು ಮೊಲದ ಗರ್ಭ 40 ದಿನಕ್ಕೂ ಹೆಚ್ಚು. ಸಾಕು ಮೊಲದ್ದು ಸುಮಾರು 31 ದಿನ.

ಕಾಡು ಮೊಲದ ವರ್ಣತಂತು 48, ಸಾಕು ಮೊಲದ್ದು 44. ಎರಡರ ನಡುವೆ ಮರಿ ಆಗುವುದಿಲ್ಲ.

ಎಮ್ಮೆ ಆಕಳು ಎರಡೂ ಹಾಲು ಕೊಡುತ್ತವೆ ಅಂತ ನಾವು ಎರಡಕ್ಕೂ ಒಂದೇ ಹೆಸರು ಇಟ್ಟಿಲ್ಲ. ಮೊಲದ ವಿಷಯದಲ್ಲಿ ಮಾತ್ರ ಹಾಗಾಗಿದೆ.

ಹೊಲದಲ್ಲಿ ಸಿಕ್ಕ ಮರಿ ಅನಾಥ ಅಲ್ಲ

ಈಗ ಬುಟ್ಟಿಯಲ್ಲಿ ಮುಚ್ಚಿಟ್ಟ ಮರಿಯ ಪ್ರಶ್ನೆ. ಭತ್ತ ಕೊಯ್ಯುವಾಗ, ಬದು ಸವರುವಾಗ ಕಾಡು ಮೊಲದ ಮರಿ ಒಂಟಿಯಾಗಿ ಕೂತಿರುವುದು ಕಾಣುತ್ತದೆ. ಹತ್ತಿರ ಹೋದರೂ ಅಲುಗಾಡುವುದಿಲ್ಲ. "ತಾಯಿ ಬಿಟ್ಟು ಹೋಗೇತಿ, ಪಾಪ" ಅಂತ ಎತ್ತಿಕೊಂಡು ಬರುತ್ತಾರೆ. ಆದರೆ ತಾಯಿ ಬಿಟ್ಟು ಹೋಗಿರುವುದಿಲ್ಲ. ತೋಳ, ನರಿಗೆ ಜಾಗ ಗೊತ್ತಾಗಬಾರದು ಅಂತ ಮೊಲದ ತಾಯಿ ಹಗಲೆಲ್ಲ ದೂರವೇ ಇರುತ್ತದೆ. ಕತ್ತಲಾದ ಮೇಲೆ ಬಂದು ಸ್ವಲ್ಪ ಹೊತ್ತು ಹಾಲು ಕುಡಿಸಿ ಮತ್ತೆ ಹೋಗುತ್ತದೆ. ಅಲುಗಾಡದೆ ಕೂರುವುದೇ ಮರಿಯ ರಕ್ಷಣೆ.

ಎತ್ತಿಕೊಂಡು ಬಂದ ಮರಿಗೆ ಆಕಳ ಹಾಲು ಒಗ್ಗುವುದಿಲ್ಲ. ಬದುಕಿದರೂ ಮನುಷ್ಯನಿಗೆ ಪಳಗುವುದಿಲ್ಲ. ಬೆದರಿ ಪಂಜರಕ್ಕೆ ಹಾರಿ ಹಾರಿ ಪೆಟ್ಟು ಮಾಡಿಕೊಳ್ಳುತ್ತದೆ. ಆರು ನೂರು ವರ್ಷದಿಂದ ಕತೆ ಹೇಳಿದರೂ ಈ ನೆಲದಲ್ಲಿ ಯಾರೂ ಅದನ್ನು ಸಾಕು ಪ್ರಾಣಿ ಮಾಡಲಿಲ್ಲ ಅನ್ನುವುದೇ ಇದಕ್ಕೆ ಸಾಕ್ಷಿ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡು ಮೊಲ ಹಿಡಿಯುವುದು, ಕೊಲ್ಲುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಯುಗಾದಿ ಆದ ಮೇಲೆ ಬೇಟೆಗೆ ಹೋಗುವ ಪದ್ಧತಿ ನಮ್ಮ ಭಾಗದ ಕೆಲವು ಊರುಗಳಲ್ಲಿ ಉಳಿದಿದೆ. ಪದ್ಧತಿ ಅಂತ ಹೇಳಿದರೆ ಕಾಯ್ದೆ ಬಿಡುವುದಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೇ ತೋಳಗಳ ಧಾಮ ಇದೆ. ಮೊಲ ಉಳಿದರೆ ತೋಳಕ್ಕೆ ಕಾಡಿನಲ್ಲೇ ಊಟ, ಇಲ್ಲದಿದ್ದರೆ ಅದು ಕುರಿ ಹಟ್ಟಿ ಹುಡುಕಿಕೊಂಡು ಬರುತ್ತದೆ. ಇದು ಕುರಿ ಕಾಯುವವರಿಗೆ ನಾವು ಹೇಳಬೇಕಾಗಿಲ್ಲ.

ಹಾಗಾಗಿ ಮರಿ ಕಂಡರೆ ಮುಟ್ಟದೆ ಬಿಡಿ. ಕೊಯ್ಲಿನ ಯಂತ್ರ ಬರುವ ಜಾಗದಲ್ಲಿದ್ದರೆ ಒಂದು ಹಿಡಿ ಹುಲ್ಲಿನ ಸಮೇತ ಎತ್ತಿ ಹತ್ತಿರದ ಬದುವಿನ ಪೊದೆಯಲ್ಲಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮನೆಯೊಳಗೆ ಸಾಕುವವರಿಗೆ

ಸಾಕು ಮೊಲವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ತರುವ ಮೊದಲು ಒಂದು ಲೆಕ್ಕ: ಚೆನ್ನಾಗಿ ನೋಡಿಕೊಂಡರೆ ಅದು 8–10 ವರ್ಷ ಬದುಕುತ್ತದೆ. ಮೂರನೇ ಕ್ಲಾಸಿನ ಮಗನಿಗೆ ಅಂತ ತಂದದ್ದು ಅವನು ಕಾಲೇಜಿಗೆ ಹೋಗುವಾಗಲೂ ಪಡಸಾಲೆಯಲ್ಲಿರುತ್ತದೆ. ಅಷ್ಟು ದಿನ ನೋಡಿಕೊಳ್ಳುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಉಳಿದದ್ದೆಲ್ಲ ಅದರ ಚರಿತ್ರೆಯಿಂದಲೇ ತಿಳಿಯುತ್ತದೆ.

ಅದು ಬಿಲದ ಪ್ರಾಣಿ. ಬಿಲದೊಳಗೆ ತಂಪು, ಕತ್ತಲು. ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. 30 ಡಿಗ್ರಿ ದಾಟಿದರೇ ಸಾಕು ಮೊಲಕ್ಕೆ ತೊಂದರೆ ಶುರು. ಕೊಡೈಕನಾಲ್ ಬೆಟ್ಟದ ಮಾತು ಹೇಳಿದ್ದು ಇದಕ್ಕೇ. ತಗಡಿನ ಮನೆಯಲ್ಲಿ, ಬಿಸಿಲಿಗಿಟ್ಟ ಪಂಜರದಲ್ಲಿ ಮೊಲ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ಮಣ್ಣಿನ ಮಾಳಿಗೆ ಮನೆ, ಕಲ್ಲು ಹಾಸಿನ ನೆಲ ಇದ್ದರೆ ಅದೇ ಒಳ್ಳೆಯ ಜಾಗ. ಎರಡು ಕಡೆ ಬಾಗಿಲು ಕತ್ತರಿಸಿದ ರಟ್ಟಿನ ಡಬ್ಬಿ ಇಡಿ, ಅದೇ ಬಿಲ. ಬೇಸಿಗೆಯಲ್ಲಿ ಬಾಟಲಿಗೆ ನೀರು ತುಂಬಿ ಗಟ್ಟಿಯಾಗಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗೆ ತಣ್ಣೀರಿನ ಒದ್ದೆ ಕೈ ಸವರಿ, ಕೂಡಲೇ ಡಾಕ್ಟರ ಹತ್ತಿರ ಒಯ್ಯಿರಿ.

ಅದು ಹುಲ್ಲು ತಿನ್ನುವ ಪ್ರಾಣಿ. ಅದರ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದೇ ಸವೆಯಬೇಕು. ಊಟದ ಬಹುಪಾಲು ಒಳ್ಳೆಯ ಒಣ ಹುಲ್ಲು, ಕರಕಿಯಂಥ ಹಸಿ ಹುಲ್ಲು ಇರಲಿ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದನ್ನು ಹಾಸಿಗೆಗೆ ಇಡಿ. ಕೊತ್ತಂಬರಿ, ಪುದೀನ, ಮೂಲಂಗಿ ತಪ್ಪಲ ದಿನಕ್ಕೊಂದು ಹಿಡಿ ಸಾಕು. ಗಜ್ಜರಿ ಸಿಹಿ, ವಾರಕ್ಕೆ ಒಂದೆರಡು ತುಂಡು ಮಾತ್ರ. ಆನೆಗೊಂದಿ ಕಡೆ ಬಾಳೆಹಣ್ಣಿಗೆ ಬರವಿಲ್ಲ, ಆದರೆ ಮೊಲಕ್ಕೆ ಬೆರಳ ತುದಿಯಷ್ಟೇ. ರೊಟ್ಟಿ, ಅನ್ನ, ಬಿಸ್ಕಿಟ್ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟಿಸಲೇಬೇಡಿ. "ನಮ್ಮ ಮೊಲ ರೊಟ್ಟಿ ತಿಂತೈತಿ, ಏನೂ ಆಗಿಲ್ಲ" ಅನ್ನುವವರಿದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಒಂದು ಎಚ್ಚರಿಕೆ ನಮ್ಮ ಭತ್ತದ ಸೀಮೆಯವರಿಗೆ: ಔಷಧಿ ಹೊಡೆದ ಗದ್ದೆಯ ಬದುವಿನ ಹುಲ್ಲು ಕೊಯ್ದು ಹಾಕಬೇಡಿ. ಎಮ್ಮೆ ತಡೆದುಕೊಂಡದ್ದನ್ನು ಎರಡು ಕೆಜಿ ಪ್ರಾಣಿ ತಡೆಯುವುದಿಲ್ಲ.

ಅದು ಎಲ್ಲರಿಗೂ ಆಹಾರವಾಗಿದ್ದ ಪ್ರಾಣಿ. ಮೇಲಿಂದ ಎತ್ತಿದರೆ ಹದ್ದು ಹಿಡಿದಂತೆ ಹೆದರುತ್ತದೆ. ಕಿವಿ ಹಿಡಿದು ಎತ್ತುವುದು ದೊಡ್ಡ ತಪ್ಪು. ಜೋರಾಗಿ ಒದ್ದಾಡಿದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ನೆಲದ ಮೇಲೆ ನೀವೇ ಕೂತು ಅದು ಹತ್ತಿರ ಬರುವ ತನಕ ಕಾಯಿರಿ. ಎತ್ತಲೇಬೇಕಾದರೆ ಎದೆಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ. ಸ್ನಾನ ಮಾಡಿಸಬೇಡಿ. ನಾಯಿ, ಬೆಕ್ಕು, ಮುಂಗುಸಿ ಒಳಗೆ ಬರದಂತೆ ರಾತ್ರಿ ಬಾಗಿಲು ಭದ್ರ ಇರಲಿ. ನೋವಾದರೂ ತೋರಿಸುವುದಿಲ್ಲ, ತೋರಿಸಿದರೆ ಬೇಟೆಯಾಗುತ್ತೇನೆ ಅನ್ನುವ ಹಳೇ ಭಯ. ಹಾಗಾಗಿ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣ ಅನ್ನಬೇಡಿ.

ಅದು ತೋಡುವ, ಕಡಿಯುವ ಪ್ರಾಣಿ. ಮೊಬೈಲ್ ಚಾರ್ಜರ್, ಟಿವಿ ವೈರು ಅದಕ್ಕೆ ಬೇರು ಕಂಡಂತೆ. ವೈರುಗಳನ್ನು ಮೇಲೆ ಕಟ್ಟಿ, ಇಲ್ಲವೇ ಪೈಪಿನೊಳಗೆ ಹಾಕಿ. ಗಲೀಜು ಮಾಡಲು ಅದು ತಾನೇ ಒಂದು ಮೂಲೆ ಆರಿಸಿಕೊಳ್ಳುತ್ತದೆ. ಆ ಮೂಲೆಯಲ್ಲೇ ಅಗಲ ಬುಟ್ಟಿಯಲ್ಲಿ ಹುಲ್ಲು ಹಾಕಿ ಇಡಿ, ಬೇಗ ರೂಢಿಯಾಗುತ್ತದೆ. ರಾತ್ರಿ ತನ್ನ ಮೆತ್ತನೆ ಹಿಕ್ಕೆಯನ್ನು ತಾನೇ ತಿನ್ನುವುದು ಕಂಡರೆ ಹೇಸಬೇಡಿ, ಅದು ಅದರ ಜೀರ್ಣಕ್ರಿಯೆಯ ಭಾಗ.

ಅದು ಗುಂಪಿನ ಪ್ರಾಣಿ. ಒಂಟಿ ಇಟ್ಟರೆ ಮಂಕಾಗುತ್ತದೆ. ಆದರೆ ಗಂಡು ಹೆಣ್ಣು ಒಟ್ಟಿಗೆ ಇಟ್ಟರೆ ನಾಲ್ಕೈದು ತಿಂಗಳಿಗೇ ಮರಿ ಶುರು. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬವಾಗಬಹುದು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಬೇಟೆಯ ಮೋಜಿಗೆ ಅಂತ ಒಬ್ಬ ಜಮೀನುದಾರ ತರಿಸಿಕೊಂಡ ಸುಮಾರು ಎರಡು ಡಜನ್ ಮೊಲಗಳ ಸಂತಾನ ಇಡೀ ಖಂಡದ ರೈತರಿಗೆ ಪಿಡುಗಾಯಿತು. ಸಂತಾನ ನಿಯಂತ್ರಣದ ಆಪರೇಷನ್ ಮಾಡಿಸಿ, ಇಲ್ಲವೇ ಚೆನ್ನಾಗಿ ಹೊಂದಿಕೊಂಡ ಎರಡು ಹೆಣ್ಣನ್ನು ಮಾತ್ರ ಇಡಿ. ಕೊಳ್ಳುವಾಗ ಅಂಗಡಿಯವನ ಮಾತು ನಂಬದೆ ಗಂಡೋ ಹೆಣ್ಣೋ ಅನ್ನುವುದನ್ನು ಡಾಕ್ಟರಿಗೆ ತೋರಿಸಿ.

ಡಾಕ್ಟರ ಬಗ್ಗೆಯೂ ಒಂದು ಮಾತು. ಹಳ್ಳಿ ಕಡೆ ಪಶು ಆಸ್ಪತ್ರೆ ಅಂದರೆ ದನ, ಎಮ್ಮೆ, ಕುರಿಯ ಕೆಲಸವೇ ಹೆಚ್ಚು. ಮೊಲ ತರುವ ಮೊದಲೇ ಹೋಗಿ, "ಮೊಲ ನೋಡ್ತೀರೇನ್ರಿ ಸರ್?" ಅಂತ ಕೇಳಿಕೊಳ್ಳಿ. ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ನಮಗೆ ನೆಗಡಿ ಕೆಮ್ಮಿಗೆ ಬರೆದುಕೊಡುವ ಅಮಾಕ್ಸಿಸಿಲಿನ್ ಬಾಯಿಂದ ಕೊಟ್ಟರೆ ಮೊಲದ ಹೊಟ್ಟೆ ಕೆಟ್ಟು ಅದು ಸಾಯಬಹುದು.

ಬೇಡವಾದಾಗ ಗುಡ್ಡಕ್ಕೆ ಬಿಡಬೇಡಿ

ಕೊನೆಗೆ ಹೇಳಲೇಬೇಕಾದದ್ದು ಇದು. ಸಾಕಿ ಬೇಸರವಾದವರು, ಮರಿ ಹೆಚ್ಚಾದವರು, "ಮೊಲ ಕಾಡಿಂದು, ಕಾಡಿಗೇ ಹೋಗಲಿ" ಅಂತ ಗುಡ್ಡದ ಕಡೆ ಬಿಟ್ಟು ಬರುತ್ತಾರೆ. ಪುಣ್ಯದ ಕೆಲಸ ಮಾಡಿದೆವು ಅಂದುಕೊಳ್ಳುತ್ತಾರೆ. ಆದರೆ ಆ ಬಿಳಿ ಮೊಲದ ವಂಶ ಈ ಗುಡ್ಡವನ್ನು ಯಾವತ್ತೂ ಕಂಡಿಲ್ಲ. ಕಂದು ಬಂಡೆಯ ನಡುವೆ ಬಿಳಿ ಮೈ ದೂರದಿಂದಲೇ ಕಾಣುತ್ತದೆ. ಕೆಂಪು ಕಣ್ಣಿಗೆ ಬಿಸಿಲು ತಡೆಯುವುದಿಲ್ಲ. ಬಂಡೆಯಲ್ಲಿ ಬಿಲ ತೋಡಲು ಬರುವುದಿಲ್ಲ. ಬಿಟ್ಟ ರಾತ್ರಿಯೇ ನಾಯಿಗೋ ನರಿಗೋ ಸಿಗುತ್ತದೆ.

ಹಳೆಯ ಕತೆಯ ಮೊಲ ನಾಯಿಗಳ ಮೇಲೆ ತಿರುಗಿ ಬಿತ್ತು. ಪಡಸಾಲೆಯಲ್ಲಿ ಬೆಳೆದ ಮೊಲಕ್ಕೆ ನಾಯಿ ಅಂದರೆ ಏನು ಅನ್ನುವುದೂ ಗೊತ್ತಿರುವುದಿಲ್ಲ. ಸಾಕಲು ಆಗದಿದ್ದರೆ ಸಾಕುವವರ ಕೈಗೆ ಕೊಡಿ, ಪರಿಚಯದವರ ಗ್ರೂಪಿನಲ್ಲಿ ಕೇಳಿ, ಪಶು ವೈದ್ಯರನ್ನು ವಿಚಾರಿಸಿ.

ಗುಡ್ಡದ್ದನ್ನು ಮನೆಗೆ ತರಬೇಡಿ, ಮನೆಯದ್ದನ್ನು ಗುಡ್ಡಕ್ಕೆ ಬಿಡಬೇಡಿ. ಮನೆಯಲ್ಲಿ ಮೊಲಕ್ಕಾಗಿ ಹಠ ಹಿಡಿದ ಮಕ್ಕಳಿದ್ದರೆ ಮೊದಲು ಇದನ್ನು ಅವರಿಗೆ ಓದಿ ಹೇಳಿ. ಆಮೇಲೂ ಬೇಕು ಅಂದರೆ, ಒಂದು ವಾರ ದಿನಾ ಹುಲ್ಲು ಕೊಯ್ದು ತರುವ ಕೆಲಸ ಹಚ್ಚಿ ನೋಡಿ. ವಾರ ಪೂರ್ತಿ ತಂದರೆ ಮುಂದಿನ ಮಾತು ಆಡಬಹುದು.